ಬಡ್ಡಿಗೆ ಕೇಳಬೇಕಾದ ಪ್ರಶ್ನೆ: ಎಷ್ಟು ಕಾಲ?

ಅಂಚೆ ಕಚೇರಿಯಲ್ಲಿ ಕಿಸಾನ್ ವಿಕಾಸ ಪತ್ರ ಕೊಳ್ಳಲು ಬಂದವರು ಬಡ್ಡಿ ದರ ಎಷ್ಟೆಂದು ಕೇಳುವುದು ಕಡಿಮೆ. ‘ಎಷ್ಟು ತಿಂಗಳಿಗೆ ಡಬಲ್?’ ಎಂಬುದೇ ಅವರ ಪ್ರಶ್ನೆ. ಸರ್ಕಾರವೂ ಈ ಪತ್ರವನ್ನು ಮೊದಲಿನಿಂದ ಹಾಗೆಯೇ ಮಾರುತ್ತ ಬಂದಿದೆ. 1988ರಲ್ಲಿ ಯೋಜನೆ ಶುರುವಾದಾಗ ಹಣ ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. 2011ರಲ್ಲಿ ನಿಂತುಹೋಗಿ 2014ರ ನವೆಂಬರ್‌ನಲ್ಲಿ ಮತ್ತೆ ಬಂದಾಗ ಅದಕ್ಕೆ 100 ತಿಂಗಳು ಬೇಕಾಗಿತ್ತು. 2022ರ ಅಕ್ಟೋಬರ್‌ನಲ್ಲಿ 123 ತಿಂಗಳಾಯಿತು, 2023ರ ಏಪ್ರಿಲ್‌ನಲ್ಲಿ 115ಕ್ಕೆ ಇಳಿಯಿತು. ಇದಕ್ಕೆ ತಿರುಗಾಮುರುಗಾ ನಡೆಯುವುದು ಶಾಲೆಯ ಗಣಿತ. ಇಷ್ಟು ಅಸಲು, ಇಷ್ಟು ದರ, ಇಷ್ಟು ವರ್ಷ, ಮೊತ್ತ ಕಂಡುಹಿಡಿಯಿರಿ ಎನ್ನುತ್ತದೆ ಪಠ್ಯಪುಸ್ತಕ. ಅಲ್ಲಿ ಕಾಲ ಮೊದಲೇ ಗೊತ್ತಿರುವ ಸಂಗತಿ. ಮಗಳ ಓದಿಗೆ, ಸಾಲ ತೀರಿಸುವುದಕ್ಕೆ, ನಿವೃತ್ತಿಗೆ ಲೆಕ್ಕ ಹಾಕುವವರಿಗೆ ಗೊತ್ತಿಲ್ಲದಿರುವುದು ಕಾಲವೇ. ಅಂಚೆ ಕಚೇರಿಯ ಕಿಟಕಿಯಲ್ಲಿ ಜನ ಕೇಳುವ ಪ್ರಶ್ನೆಯೇ ಹೆಚ್ಚು ಬುದ್ಧಿವಂತಿಕೆಯದು ಎಂದು ನನಗೆ ತೋರುತ್ತದೆ. ಅದಕ್ಕೆ ಉತ್ತರ ಕೊಡುವ ಸಾಧನ, ಪಿಯುಸಿಯಲ್ಲಿ ಬಹುಮಂದಿ ಒಲ್ಲದ ಮನಸ್ಸಿನಿಂದ ತಿರುವಿಹಾಕಿದ ಲಾಗರಿದಮ್ ಕೋಷ್ಟಕ.

ಕಾಲವನ್ನು ಕಂಡುಹಿಡಿಯುವುದು ಏಕೆ ಕಷ್ಟ ಎಂಬುದನ್ನು ಮೊದಲು ನೋಡಬೇಕು. ವರ್ಷಕ್ಕೆ ಶೇ. 7.5ರ ಚಕ್ರಬಡ್ಡಿ ಎಂದರೆ ಮೊತ್ತವನ್ನು ಪ್ರತಿ ವರ್ಷ 1.075ರಿಂದ ಗುಣಿಸುವುದು. ಎರಡು ವರ್ಷಕ್ಕೆ ಎರಡು ಸಲ, ಹತ್ತು ವರ್ಷಕ್ಕೆ ಹತ್ತು ಸಲ. ಮೊತ್ತ ಬೇಕೆಂದರೆ ಗುಣಿಸುತ್ತ ಹೋದರಾಯಿತು. ದರ ಬೇಕೆಂದರೆ ಮೂಲ ತೆಗೆಯಬೇಕು: ಐದೂವರೆ ವರ್ಷಕ್ಕೆ ಎರಡು ಪಟ್ಟು ಎಂದಿದ್ದರೆ 2ರ ಐದೂವರೆಯ ಮೂಲ 1.134, ಅಂದರೆ 1988ರ ಪತ್ರ ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಶೇ. 13.4. ಆದರೆ ವರ್ಷಗಳ ಸಂಖ್ಯೆ ಕೂತಿರುವುದು ಘಾತದ ಜಾಗದಲ್ಲಿ, 1.075ರ ತಲೆಯ ಮೇಲೆ. ಕೂಡಿದರೂ ಕಳೆದರೂ ಗುಣಿಸಿದರೂ ಭಾಗಿಸಿದರೂ ಮೂಲ ತೆಗೆದರೂ ಅದು ಕೆಳಗಿಳಿಯುವುದಿಲ್ಲ. ಅದನ್ನು ಇಳಿಸಲೆಂದೇ ಇರುವ ಕ್ರಿಯೆ ಲಾಗರಿದಮ್. ಒಂದು ಸಂಖ್ಯೆ ಬರಬೇಕಾದರೆ 10ನ್ನು ಎಷ್ಟನೇ ಘಾತಕ್ಕೆ ಏರಿಸಬೇಕು ಎಂಬುದು ಆ ಸಂಖ್ಯೆಯ ಲಾಗ್. 2ರ ಲಾಗ್ 0.30103, 1.075ರ ಲಾಗ್ 0.03141. ಸಂಖ್ಯೆಗಳನ್ನು ಗುಣಿಸಿದಾಗ ಅವುಗಳ ಲಾಗ್‌ಗಳು ಕೂಡಿಕೊಳ್ಳುತ್ತವೆ. ಹಾಗಾಗಿ ವರ್ಷ ವರ್ಷವೂ 1.075ರಿಂದ ಗುಣಿಸುವುದೂ, ವರ್ಷ ವರ್ಷವೂ 0.03141ನ್ನು ಕೂಡುವುದೂ ಒಂದೇ. ಹೀಗೆ ಕೂಡುತ್ತ ಹೋದರೆ 0.30103ನ್ನು ಎಷ್ಟು ವರ್ಷಕ್ಕೆ ಮುಟ್ಟುತ್ತೇವೆ? ಒಂದೇ ಭಾಗಾಕಾರ: 9.584 ವರ್ಷ. ಹನ್ನೆರಡರಿಂದ ಗುಣಿಸಿದರೆ 115.01 ತಿಂಗಳು. ಅಂಚೆ ಇಲಾಖೆಯ 115ರ ಗುಟ್ಟು ಇಷ್ಟೇ. 2022ರ ಅಕ್ಟೋಬರ್‌ನಲ್ಲಿದ್ದ ಶೇ. 7ರ ದರವನ್ನು ಹಾಕಿ ನೋಡಿದರೆ 122.9 ಬರುತ್ತದೆ, 2014ರ ಶೇ. 8.7ನ್ನು ಹಾಕಿದರೆ 99.7.

ಈ ಭಾಗಾಕಾರದಲ್ಲಿ ಅಸಲು ಎಲ್ಲೂ ಕಾಣಿಸಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಲಕ್ಷ ಎರಡಾಗಲು ಎಷ್ಟು ಕಾಲವೋ ಐವತ್ತು ಲಕ್ಷ ಒಂದು ಕೋಟಿಯಾಗಲೂ ಅಷ್ಟೇ ಕಾಲ. ಕಾಲ ನೋಡುವುದು ಮೊತ್ತವನ್ನಲ್ಲ, ಅನುಪಾತವನ್ನು. ಇದು ಹೇಳುವಾಗ ಸಾಮಾನ್ಯ ಮಾತು, ಇದರ ಪರಿಣಾಮ ಮಾತ್ರ ಸಾಮಾನ್ಯವಲ್ಲ. ಶೇ. 7.5ರಲ್ಲಿ ಇಟ್ಟ ಒಂದು ಲಕ್ಷ ಎರಡು ಲಕ್ಷವಾಗಲು 9.6 ವರ್ಷ ಹಿಡಿದರೆ, ಎರಡು ಮೂರಾಗಲು ಸಾಕಾಗುವುದು 5.6 ವರ್ಷ. ಮೂರು ನಾಲ್ಕಾಗಲು ನಾಲ್ಕೇ ವರ್ಷ. ಒಂಬತ್ತು ಲಕ್ಷ ಹತ್ತಾಗುವ ಹೊತ್ತಿಗೆ ಲಕ್ಷಕ್ಕೆ ಒಂದೂವರೆ ವರ್ಷ ಸಾಕು. ಒಟ್ಟು 31.8 ವರ್ಷದ ದಾರಿಯಲ್ಲಿ ಮೊದಲ ಲಕ್ಷದ ಸಂಪಾದನೆಯೇ ಹತ್ತರಲ್ಲಿ ಮೂರು ಪಾಲನ್ನು ತಿಂದುಹಾಕುತ್ತದೆ. ‘ಮೊದಲ ಲಕ್ಷ ಕೂಡಿಸುವುದೇ ಕಷ್ಟ’ ಎಂದು ವ್ಯಾಪಾರಸ್ಥರು ಆಡುವ ಮಾತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಎಷ್ಟು ಮೊತ್ತ ಎಂದು ಕೇಳುವ ಲೆಕ್ಕದಲ್ಲಿ ಈ ಓಟದ ಆಕಾರ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ ಹೊಸದೂ ಅಲ್ಲ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಎಒ 6770 ಎಂಬ ಸಂಖ್ಯೆಯ ಜೇಡಿಮಣ್ಣಿನ ಫಲಕವೊಂದಿದೆ. ಪ್ರಾಚೀನ ಬ್ಯಾಬಿಲೋನಿಯಾದ್ದು, ಮೂರೂವರೆ ಸಾವಿರ ವರ್ಷಕ್ಕೂ ಹಳೆಯದು. ವರ್ಷಕ್ಕೆ ಶೇ. 20ರಂತೆ ಕೊಟ್ಟ ಸಾಲದಲ್ಲಿ ಬಡ್ಡಿ ಅಸಲಿಗೆ ಸಮನಾಗುವುದು ಯಾವಾಗ ಎಂಬುದು ಅದರಲ್ಲಿರುವ ಲೆಕ್ಕ. ಬರೆದ ಲಿಪಿಕಾರನಿಗೆ ಲಾಗರಿದಮ್ ಗೊತ್ತಿರಲಿಲ್ಲ. ಮೂರು ವರ್ಷಕ್ಕೆ ಒಂದು ಪಾಲು 1.728 ಆಗುತ್ತದೆ, ನಾಲ್ಕಕ್ಕೆ 2.0736. ಎರಡು ಬರುವುದು ಇವೆರಡರ ನಡುವೆ. ಆ ನಡುವಿನ ವರ್ಷವನ್ನು ಅವನು ನೇರ ಗೆರೆಯೆಂದು ಭಾವಿಸಿ ಪಾಲು ಮಾಡಿದ. ಅವನ ಉತ್ತರವನ್ನು ನಮ್ಮ ದಶಮಾಂಶಕ್ಕೆ ತಂದರೆ 3.787 ವರ್ಷ. ಲಾಗರಿದಮ್ ಹೇಳುವುದು 3.802. ನಾಲ್ಕು ವರ್ಷದ ಸಾಲದಲ್ಲಿ ವ್ಯತ್ಯಾಸ ಬರೀ ಐದೂವರೆ ದಿನ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನಿಜಕ್ಕೂ ಗಟ್ಟಿಯಾದ ಆಕ್ಷೇಪ. ಬಡ್ಡಿ ಅಸಲಿಗೆ ಸೇರುವುದು ವರ್ಷಕ್ಕೊಮ್ಮೆ ಎಂದಾದರೆ 3.802 ಎಂಬ ಕ್ಷಣದಲ್ಲಿ ಏನೂ ಸೇರುವುದಿಲ್ಲವಲ್ಲ; ಲಾಗರಿದಮ್ ಕೊಟ್ಟ ದಶಮಾಂಶಕ್ಕೆ ಅರ್ಥವೇನು? ವರ್ಷದ ನಡುವೆಯೂ ಹಣ ಅದೇ ಅನುಪಾತದಲ್ಲಿ ಬೆಳೆಯುತ್ತಲೇ ಇರುತ್ತದೆ ಎಂದು ಲಾಗರಿದಮ್ ಸದ್ದಿಲ್ಲದೆ ಭಾವಿಸಿಕೊಂಡಿದೆ ಎಂಬುದು ಉತ್ತರ. ವರ್ಷ ತುಂಬದ ಉಳಿಕೆ ದಿನಗಳಿಗೆ ಸರಳ ಬಡ್ಡಿ ಎಂದು ಕರಾರಿನಲ್ಲಿ ಬರೆದಿದ್ದರೆ ಸರಿಯಾದ ಉತ್ತರ ಬ್ಯಾಬಿಲೋನಿನ ಲಿಪಿಕಾರನದೇ! ಪೂರ್ತಿ ವರ್ಷಕ್ಕೆ ಮಾತ್ರ ಬಡ್ಡಿ ಎಂದಿದ್ದರೆ ಉತ್ತರ ನಾಲ್ಕು. ಅಂದರೆ ಲಾಗರಿದಮ್ ಕರಾರಿನ ಬದಲು ನಿಲ್ಲುವುದಿಲ್ಲ. ಉತ್ತರ ಯಾವ ಎರಡು ಕಂತಿನ ನಡುವೆ ಇದೆ ಎಂದು ತಪ್ಪಿಲ್ಲದೆ ತೋರಿಸುತ್ತದೆ, ಮಿಕ್ಕ ಚೂರನ್ನು ಕರಾರು ತೀರ್ಮಾನಿಸುತ್ತದೆ. ಬಡ್ಡಿ ಸೇರುವ ಅವಧಿ ಚಿಕ್ಕದಾದಷ್ಟೂ ಈ ಚೂರು ಸಣ್ಣದಾಗುತ್ತದೆ. ನಮ್ಮ ಬ್ಯಾಂಕುಗಳು ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುತ್ತವೆ. ಅದೇ ಶೇ. 7.5ನ್ನು ಹಾಗೆ ಸೇರಿಸಿದರೆ ಪ್ರತಿ ತ್ರೈಮಾಸಿಕದ ಗುಣಕ 1.01875, ಇಮ್ಮಡಿಯಾಗಲು 37.3 ತ್ರೈಮಾಸಿಕ, ಅಂದರೆ 112 ತಿಂಗಳು. ದರ ಒಂದೇ ಆದರೂ ವರ್ಷಕ್ಕೊಮ್ಮೆ ಬಡ್ಡಿ ಸೇರಿಸುವ ಲೆಕ್ಕಕ್ಕಿಂತ ಮೂರು ತಿಂಗಳು ಮುಂಚೆ.

ಎರಡರ ಮಟ್ಟಿಗೆ ಲಾಗರಿದಮ್‌ನ ಕಲ್ಪನೆ ನಮ್ಮಲ್ಲೂ ಇತ್ತು. ಷಟ್ಖಂಡಾಗಮವೆಂಬ ಜೈನ ಶಾಸ್ತ್ರಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಧವಲಾ ಟೀಕೆಯಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆಗೆ ಅರ್ಧಚ್ಛೇದ ಎಂಬ ಹೆಸರಿದೆ. 32ರ ಅರ್ಧಚ್ಛೇದ 5. ಗುಣಲಬ್ಧದ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ ಎಂಬ ನಿಯಮವೂ ಅಲ್ಲಿದೆ. ಮೂರರಿಂದ, ನಾಲ್ಕರಿಂದ ಭಾಗಿಸುವ ಎಣಿಕೆಗಳೂ ಇವೆ. ಶತಮಾನಗಳ ಕಾಲ ಆ ಗ್ರಂಥವನ್ನು ಕಾಪಾಡಿದ್ದು ಮೂಡುಬಿದಿರೆಯ ಬಸದಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಅದೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೊಗಳಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಬಡ್ಡಿ ಲೆಕ್ಕಗಳಿಗೆ ದೊಡ್ಡ ಪಾಲು ಸಿಕ್ಕಿದೆ. ಆದರೆ ಅರ್ಧಚ್ಛೇದ ಹುಟ್ಟಿದ್ದು ಲೋಕದ ವಿಸ್ತಾರವನ್ನು ಅಳೆಯುವ ಅಪಾರ ಸಂಖ್ಯೆಗಳಿಗಾಗಿ, ಸಾಲಗಾರನ ಚೀಟಿಗಾಗಿ ಅಲ್ಲ. ಯುರೋಪಿನಲ್ಲಿ ಜಾನ್ ನೇಪಿಯರ್ ತನ್ನ ಲಾಗರಿದಮ್‌ಗಳನ್ನು ಪ್ರಕಟಿಸಿದ್ದು 1614ರಲ್ಲಿ. ಖಗೋಳದ ಗುಣಾಕಾರಗಳು ಹಗುರವಾಗಲಿ ಎಂಬುದು ಅವನ ಉದ್ದೇಶ. 1620ರಲ್ಲಿ ಪ್ರಾಗ್‌ನಿಂದ ಬಂದ ಯೋಸ್ಟ್ ಬ್ಯೂರ್ಗಿಯ ಕೋಷ್ಟಕ ನನಗೆ ಇನ್ನೂ ಸ್ವಾರಸ್ಯವಾಗಿ ಕಾಣುತ್ತದೆ. ಅದರಲ್ಲಿ ಪ್ರತಿಯೊಂದು ಸಂಖ್ಯೆಯೂ ಹಿಂದಿನದರ 1.0001 ಪಟ್ಟು. ಅಂದರೆ ಅದು ಶೇ. 0.01ರ ದರದ ಚಕ್ರಬಡ್ಡಿ ಕೋಷ್ಟಕವೇ. ಯಾವ ಮೊತ್ತ ಯಾವ ಕಂತಿನಲ್ಲಿ ಬರುತ್ತದೆ ಎಂದು ಹಿಮ್ಮುಖವಾಗಿ ಓದಿದರೆ ಅದೇ ಲಾಗರಿದಮ್.

ಇಷ್ಟೆಲ್ಲ ಏಕೆ, 72ನ್ನು ದರದಿಂದ ಭಾಗಿಸಿದರೆ ಇಮ್ಮಡಿಯ ಕಾಲ ಸಿಗುತ್ತದಲ್ಲ ಎನ್ನುವವರಿದ್ದಾರೆ. ಈ ಸುಲಭ ಸೂತ್ರವೂ ಹಳೆಯದೇ. ಲೂಕಾ ಪಾಚಿಯೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಕಾರಣ ವಿವರಿಸದೆ ಇದನ್ನು ಕೊಟ್ಟಿದ್ದಾನೆ. ಶೇ. 7.5ಕ್ಕೆ ಅದು 9.6 ವರ್ಷ ಎನ್ನುತ್ತದೆ, ಬಹಳ ಚೆನ್ನಾಗಿದೆ. ಆದರೆ ಅದು ಸರಿಹೋಗುವುದು ಬ್ಯಾಂಕಿನ ದರಗಳ ಆಸುಪಾಸಿನಲ್ಲಿ. ವರ್ಷಕ್ಕೆ ಶೇ. 36ರ ದರದಲ್ಲಿ 72ರ ಸೂತ್ರ ಎರಡೇ ವರ್ಷ ಎನ್ನುತ್ತದೆ, ನಿಜವಾಗಿ ಬೇಕಾದದ್ದು ಎರಡೂಕಾಲು. ಶೇ. 100ಕ್ಕೆ ಅದು ಒಂಬತ್ತು ತಿಂಗಳಿಗೂ ಕಡಿಮೆ ಹೇಳುತ್ತದೆ, ವರ್ಷಕ್ಕೆ ಶೇ. 100 ಎಂದರೆ ವರ್ಷಕ್ಕೆ ದುಪ್ಪಟ್ಟು ಎಂಬುದಕ್ಕೆ ಲೆಕ್ಕವೇ ಬೇಡ. ಮೂರು ಪಟ್ಟಿಗೆ, ಐದು ಪಟ್ಟಿಗೆ ಎಷ್ಟು ಕಾಲ ಎಂದರೆ ಅದರ ಬಳಿ ಉತ್ತರವೇ ಇಲ್ಲ. ಬಡವರು ಸಾಲ ಮಾಡುವುದು ಈ ಎತ್ತರದ ದರಗಳಲ್ಲೇ. ಹಳ್ಳಿಯ ಕೈಸಾಲದಲ್ಲಿ ‘ನೂರಕ್ಕೆ ಮೂರು ರೂಪಾಯಿ’ ಎಂದರೆ ತಿಂಗಳಿಗೆ. ಕಟ್ಟದೆ ಬಿಟ್ಟ ಬಡ್ಡಿಗೂ ಬಡ್ಡಿ ಸೇರಿಸಿದರೆ ಸಾಲ ಇಮ್ಮಡಿಯಾಗಲು 23.4 ತಿಂಗಳು. ನೂರಕ್ಕೆ ಐದಾದರೆ 14 ತಿಂಗಳು. ನೂರಕ್ಕೆ ಹತ್ತಾದರೆ ಏಳೂಕಾಲು. ಅಂಗಡಿಯ ಹೊಳಪಿನಲ್ಲಿ ಸಿಗುವ ಕ್ರೆಡಿಟ್ ಕಾರ್ಡಿನ ಬಾಕಿಯೂ ತಿಂಗಳಿಗೆ ಶೇ. 3.5ರಂತೆ ಬೆಳೆದರೆ ಇಪ್ಪತ್ತು ತಿಂಗಳಿಗೆ ಎರಡರಷ್ಟು, ಹಳ್ಳಿಯ ಮೂರು ರೂಪಾಯಿ ಬಡ್ಡಿಗಿಂತ ಮುಂಚೆ. ದರ ಕೇಳಿದಾಗ ಮೂರು, ಮೂರೂವರೆ ಎಂಬ ಪುಟ್ಟ ಸಂಖ್ಯೆಗಳು ಕಿವಿಗೆ ಬೀಳುತ್ತವೆ, ಕಾಲ ಕೇಳಿದಾಗಲೇ ಹಲ್ಲು ಕಾಣುವುದು. ಹಳೆಯ ಹಿಂದೂ ಕಾನೂನಿನಲ್ಲಿ, ಉತ್ತರ ಕರ್ನಾಟಕವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ, ದಾಮ್‌ದುಪಟ್ ಎಂಬ ನಿಯಮವಿತ್ತು: ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ಸಾಲ ಇಮ್ಮಡಿಯಾಗುವ ಗಳಿಗೆಯನ್ನು ನ್ಯಾಯದ ಗಡಿಯಾಗಿ ಆರಿಸಿಕೊಂಡವರು ದರಕ್ಕಿಂತ ಅನುಪಾತದ ಕಡೆ ಕಣ್ಣಿಟ್ಟಿದ್ದರು ಎಂಬುದು ಸ್ಪಷ್ಟ.

ಇನ್ನೊಂದು ಆಕ್ಷೇಪ, ದರ ಸ್ಥಿರವಾಗಿರುವುದಿಲ್ಲ, ಬೆಲೆಗಳೂ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದು. ನಿಜ, ಆದರೆ ಅದು ಲೆಕ್ಕ ಬಿಡಲು ಕಾರಣವಾಗದು. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ. 4. ಶೇ. 7.5ರ ಠೇವಣಿಯ ಕೊಳ್ಳುವ ಶಕ್ತಿ ಇಮ್ಮಡಿಯಾಗಲು ಎಷ್ಟು ಕಾಲ ಎಂದು ನೋಡಲು 1.075ರ ಲಾಗ್‌ನಿಂದ 1.04ರ ಲಾಗ್ ಕಳೆದು ಭಾಗಿಸಿದರೆ ಆಯಿತು: 21 ವರ್ಷ. ಬಡ್ಡಿಯ ಮೇಲೆ ಶೇ. 20ರ ತೆರಿಗೆ ಹೋಗಿ ಕೈಗೆ ಬರುವುದು ಶೇ. 6 ಎಂದಾದರೆ 36 ವರ್ಷ. ಬೆಲೆ ಏರಿಕೆ ಗುರಿ ತಪ್ಪಿ ಶೇ. 5ಕ್ಕೆ ಬಂದರೆ 73 ವರ್ಷ. 115 ತಿಂಗಳಲ್ಲಿ ಡಬಲ್ ಎಂಬ ಮಾತು ಸುಳ್ಳಲ್ಲ, ಆದರೆ ಡಬಲ್ ಆಗುವುದು ನೋಟಿನ ಎಣಿಕೆ.

ದರ ಬದಲಾಗುವ ಪ್ರಶ್ನೆ ನಿಜವಾಗಿ ಕಚ್ಚುವುದು ಗೃಹಸಾಲದಲ್ಲಿ. ರಿಸರ್ವ್ ಬ್ಯಾಂಕ್ 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಆ ಏರಿಕೆಗೆ ಸ್ವಲ್ಪ ಮುಂಚೆ ಒಬ್ಬರು 30 ಲಕ್ಷ ರೂಪಾಯಿಯನ್ನು ಶೇ. 6.7ರಲ್ಲಿ 20 ವರ್ಷಕ್ಕೆ ಸಾಲ ಪಡೆದರು ಎನ್ನೋಣ. ತಿಂಗಳ ಕಂತು 22,722 ರೂಪಾಯಿ. ದರ ಏರಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸುತ್ತವೆ, ಸಾಲಗಾರರೂ ಅದನ್ನೇ ಇಷ್ಟಪಡುತ್ತಾರೆ. ಎಷ್ಟು ಹಿಗ್ಗುತ್ತದೆ? ಇದನ್ನು ಹೀಗೆ ಯೋಚಿಸಬಹುದು. ಶೇ. 6.7ರಲ್ಲಿ ತಿಂಗಳಿಗೆ 22,722 ಎಂದರೆ 40.7 ಲಕ್ಷ ರೂಪಾಯಿಯ ಬಡ್ಡಿ. ಸಾಲ 40.7 ಲಕ್ಷವೇ ಆಗಿದ್ದರೆ ಕಂತೆಲ್ಲ ಬಡ್ಡಿಗೇ ಹೋಗಿ ಅಸಲು ಎಂದೂ ಕರಗುತ್ತಿರಲಿಲ್ಲ. ಸಾಲ ಇರುವುದು 30 ಲಕ್ಷ, ಹಾಗಾಗಿ ಸಾಲಗಾರನ ಕೈಯಲ್ಲಿ 10.7 ಲಕ್ಷದ ಅಂತರವಿದೆ. ಆ ಅಂತರ ತಿಂಗಳು ತಿಂಗಳೂ ಅದೇ ಬಡ್ಡಿ ದರದಲ್ಲಿ ಚಕ್ರಬಡ್ಡಿಯಾಗಿ ಬೆಳೆಯುತ್ತದೆ. 10.7 ಬೆಳೆದು 40.7 ಆದ ದಿನ ಸಾಲ ಸೊನ್ನೆ. ಅನುಪಾತ 3.8, ಅದರ ಲಾಗನ್ನು ತಿಂಗಳ ಗುಣಕದ ಲಾಗ್‌ನಿಂದ ಭಾಗಿಸಿದರೆ ಕರಾರಿನಲ್ಲಿರುವ 240 ತಿಂಗಳು. ಠೇವಣಿ ಇಮ್ಮಡಿಯಾಗುವ ಲೆಕ್ಕವೂ ಸಾಲ ತೀರುವ ಲೆಕ್ಕವೂ ಒಂದೇ ಭಾಗಾಕಾರ.

ಈಗ ದರ ಒಂದು ಅಂಶ ಏರಿ 7.7 ಆಗಲಿ. ಅದೇ ಕಂತು 35.4 ಲಕ್ಷದ ಬಡ್ಡಿಗೆ ಮಾತ್ರ ಸಾಕು, ಅಂತರ 5.4 ಲಕ್ಷಕ್ಕೆ ಕುಗ್ಗಿತು, ಅವಧಿ 294 ತಿಂಗಳಾಯಿತು. ಇನ್ನೊಂದು ಅಂಶ ಏರಿ 8.7 ಆದರೆ ಅಂತರ 1.34 ಲಕ್ಷ, ಅವಧಿ 436 ತಿಂಗಳು, ಅಂದರೆ ಮೂವತ್ತಾರು ವರ್ಷ ದಾಟಿತು. ಮೊದಲ ಅಂಶ ಸೇರಿಸಿದ್ದು ನಾಲ್ಕೂವರೆ ವರ್ಷ, ಎರಡನೆಯದು ಹತ್ತಿರ ಹತ್ತಿರ ಹನ್ನೆರಡು ವರ್ಷ. ಇನ್ನು ಅರ್ಧ ಅಂಶ ಏರಿ 9.2 ಆದಾಗ, ರೆಪೊ ದರ ಏರಿದ್ದೂ ಒಟ್ಟು ಎರಡೂವರೆ ಅಂಶವೇ ತಾನೆ, 30 ಲಕ್ಷಕ್ಕೆ ತಿಂಗಳ ಬಡ್ಡಿಯೇ 23,000. ಕಂತು ಬಡ್ಡಿಗೂ ಸಾಲದು. ಅಂತರ ಸೊನ್ನೆಗಿಂತ ಕೆಳಗಿಳಿದಿದೆ, ಋಣ ಸಂಖ್ಯೆಗೆ ಲಾಗರಿದಮ್ ಇಲ್ಲ. ಗಣಿತ ಇಲ್ಲಿ ಕೈಕೊಟ್ಟಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ. ಈ ಸಾಲ ಎಂದೂ ತೀರುವುದಿಲ್ಲ ಎಂಬ ಸರಿಯಾದ ಉತ್ತರವನ್ನೇ ಅದು ಕೊಟ್ಟಿದೆ. ಏರಿಕೆ ಬರುವಷ್ಟರಲ್ಲಿ ಒಂದಿಷ್ಟು ಅಸಲು ತೀರಿದ್ದವರು ಈ ಅಂಚಿನಿಂದ ಸ್ವಲ್ಪವೇ ದೂರ ಉಳಿದರು, ಅಷ್ಟೆ.

ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಎನ್‌ಪರ್ ಎಂಬ ಆಜ್ಞೆ ಕೊಟ್ಟರೆ ಇದೆಲ್ಲ ಕ್ಷಣದಲ್ಲಿ ಬರುತ್ತದೆ, ಲಾಗರಿದಮ್ ತಿಳಿದು ಆಗಬೇಕಾದ್ದೇನು ಎಂಬ ಮಾತೂ ಇದೆ. ಬರುತ್ತದೆ, ಒಳಗಡೆ ಅದು ಮಾಡುವುದೂ ಇದೇ ಭಾಗಾಕಾರ. ಆದರೆ ಮೇಲಿನ ಕೊನೆಯ ಲೆಕ್ಕವನ್ನು ಕೊಟ್ಟರೆ ಅದು ತೋರಿಸುವುದು ಒಂದು ದೋಷದ ಸಂಕೇತವನ್ನು. ಒಳಗೇನಿದೆ ಎಂದು ತಿಳಿಯದವರು ಟೈಪಿಂಗ್ ತಪ್ಪಿರಬೇಕೆಂದು ಮತ್ತೆ ಅಂಕಿಗಳನ್ನು ತಿದ್ದುತ್ತ ಕೂರುತ್ತಾರೆ, ತಿಳಿದವರು ಬ್ಯಾಂಕಿಗೆ ಹೋಗುತ್ತಾರೆ. ಯಂತ್ರದಿಂದ ಇನ್ನೊಂದು ಸಂಗತಿಯೂ ತಾನಾಗಿ ಹೊರಡುವುದಿಲ್ಲ: ಅಂತರ ಚಿಕ್ಕದಿದ್ದಾಗ ಸೇರಿಸಿದ ಸಣ್ಣ ಮೊತ್ತವೂ ಅನುಪಾತವನ್ನು ಭಾರಿಯಾಗಿ ಬದಲಿಸುತ್ತದೆ. ಶೇ. 9.2ರಲ್ಲಿ ಕಂತಿಗೆ ಬರೀ ಸಾವಿರ ರೂಪಾಯಿ ಕೂಡಿಸಿ 23,722 ಮಾಡಿದರೆ, ಎಂದೂ ತೀರದ ಸಾಲ 457 ತಿಂಗಳಿಗೆ ತೀರುತ್ತದೆ. 25,000 ಮಾಡಿದರೆ 331 ತಿಂಗಳು, 27,000 ಮಾಡಿದರೆ 250. ಮೊದಲ ಸಾವಿರ ರೂಪಾಯಿ ಅನಂತವನ್ನು ಮೂವತ್ತೆಂಟು ವರ್ಷಕ್ಕೆ ಇಳಿಸಿತು, ಅದರ ಮುಂದಿನ 1,278 ರೂಪಾಯಿ ಹತ್ತು ವರ್ಷಕ್ಕೂ ಹೆಚ್ಚು ಕಡಿಮೆ ಮಾಡಿತು, ಕೊನೆಯ ಎರಡು ಸಾವಿರದಿಂದ ಉಳಿದದ್ದು ಏಳು ವರ್ಷಕ್ಕೂ ಕಡಿಮೆ.

ರಿಸರ್ವ್ ಬ್ಯಾಂಕಿಗೂ ಈ ಅಪಾಯ ಕಂಡಿತು. 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಅದು, ದರ ಬದಲಾದಾಗ ಕಂತು ಹೆಚ್ಚಿಸುವುದೋ ಅವಧಿ ಹಿಗ್ಗಿಸುವುದೋ ಎರಡೂ ಸ್ವಲ್ಪ ಸ್ವಲ್ಪವೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಬಿಡಬೇಕು, ಅವಧಿ ಹಿಗ್ಗಿಸುವ ನೆಪದಲ್ಲಿ ಕಂತು ಬಡ್ಡಿಗಿಂತ ಕೆಳಗಿಳಿದು ಅಸಲು ಬೆಳೆಯುವಂತಾಗಬಾರದು ಎಂದು ಬ್ಯಾಂಕುಗಳಿಗೆ ಹೇಳಿತು. ಮೂರು ತಿಂಗಳಿಗೊಮ್ಮೆ ಸಾಲಗಾರರಿಗೆ ಕೊಡಬೇಕಾದ ಲೆಕ್ಕಪತ್ರದಲ್ಲಿ ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ವಾರ್ಷಿಕ ದರ, ಜೊತೆಗೆ ಇನ್ನು ಉಳಿದಿರುವ ಕಂತುಗಳ ಸಂಖ್ಯೆ ಇರಬೇಕು. ಆ ಕೊನೆಯ ಸಂಖ್ಯೆಯನ್ನು ಸಾಲಗಾರರು ತಾವೇ ತಾಳೆ ನೋಡಬಹುದು. ಪಡೆದ ಸಾಲದಿಂದ ತೀರಿದ ಅಸಲನ್ನು ಕಳೆದರೆ ಬಾಕಿ ಸಿಗುತ್ತದೆ, ಕಂತನ್ನು ತಿಂಗಳ ದರದಿಂದ ಭಾಗಿಸಿದರೆ ಆ ಕಂತು ಎಷ್ಟು ಸಾಲದ ಬಡ್ಡಿಗೆ ಸಾಕು ಎಂಬುದು. ಎರಡರ ವ್ಯತ್ಯಾಸವೇ ಅಂತರ. ಮಿಕ್ಕದ್ದಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿರುವ ಲಾಗ್ ಗುಂಡಿ ಸಾಕು.